ಗುಣರಕ್ಷಣೆಯೂ ನೂತನಕಲ್ಪನೆಯೂ

ಯಂತ್ರಶಾಲೆಗಳಲ್ಲಿ ಪದಾರ್ಥದ ಗುಣವನ್ನು ಕಾಯುವ ನಿಯಮವು ಬಿಗಿಯಾದಷ್ಟೂ ಹೊಸ ಕಲ್ಪನೆಗೆ ಅವಕಾಶವು ಕುಗ್ಗುವುದೆಂದೂ, ತಪಾಸಣೆಯು ಹೆಚ್ಚಿದಷ್ಟೂ ಕಾರ್ಯವು ಕುಂಠಿತವಾಗುವುದೆಂದೂ ಕೆಲವರು ಆಕ್ಷೇಪಿಸುವರು. ಈ ಪೂರ್ವಪಕ್ಷವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಜಪಾನ್ ದೇಶದ ಒಂದು ಮಗ್ಗದ ವೃತ್ತಾಂತದಿಂದ ಪರೀಕ್ಷಿಸಬಹುದು.

ಸಾಕಿಚಿ ಟೊಯೊಡಾ (1867-1930) ಎಂಬಾತನು 1896ರಲ್ಲಿ ರಚಿಸಿದ ಯಂತ್ರಮಗ್ಗವು ಹೊಕ್ಕುನೂಲು ಕಡಿದೊಡನೆ ತಾನಾಗಿ ನಿಲ್ಲುತ್ತಿದ್ದಿತು. 1924ರಲ್ಲಿ ಸಿದ್ಧವಾದ ಆತನ ‘ಜಿ’ ಮಾದರಿಯ ಮಗ್ಗವು ಹಾಸುನೂಲು ಕಡಿದಾಗಲೂ ನಿಲ್ಲುವುದು. ಆದರೆ ಲಾಳಿಯ ನೂಲು ಮುಗಿಯುವಾಗ ಓಟವು ನಿಲ್ಲದೆಯೇ ಬೇರೊಂದು ಲಾಳಿಯು ಬಂದು ಸೇರುವುದು.

ಇದರ ಮರ್ಮವಿಷ್ಟು. ನೂಲು ಕಡಿದ ಬಳಿಕವೂ ಮಗ್ಗವು ಓಡಿದರೆ ಬಟ್ಟೆಯು ಕೆಡುವುದು. ಅದನ್ನು ತಡೆಯಲು ನೇಯುವವನು ಸದಾ ಕಣ್ಣಿಟ್ಟು ನಿಲ್ಲಬೇಕು. ಮಗ್ಗವೇ ದೋಷವನ್ನು ಗುರುತಿಸಿ ನಿಂತರೆ ಆ ಕಾವಲು ಅನಾವಶ್ಯಕ. ಒಬ್ಬನೇ ಅನೇಕ ಮಗ್ಗಗಳನ್ನು ನೋಡಿಕೊಳ್ಳಬಲ್ಲನು. ಹೀಗೆ ನಿಲುಗಡೆಯೇ ಕಾರ್ಯವೃದ್ಧಿಗೆ ಹೇತುವಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆಯು ಈ ಮಗ್ಗದ ಪೇಟೆಂಟು ಹಕ್ಕನ್ನು ಪಡೆಯಿತು. 1937ರಲ್ಲಿ ಸ್ಥಾಪಿತವಾದ ಟೊಯೊಟಾ ಮೋಟಾರು ಸಂಸ್ಥೆಯಲ್ಲಿಯೂ ಮುಂದೆ ಇದೇ ತತ್ತ್ವವು ನೆಲೆಗೊಂಡಿತು. ದೋಷವನ್ನು ಕಂಡ ಕೆಲಸಗಾರನು ಹಗ್ಗವನ್ನೆಳೆದು ಕೆಲಸದ ಸಾಲನ್ನೇ ನಿಲ್ಲಿಸಬಹುದಾಯಿತು.

ಹಾಗಾದರೆ ಪ್ರತಿಯೊಂದು ವ್ಯತ್ಯಾಸಕ್ಕೂ ನಿಲ್ಲಿಸತಕ್ಕದ್ದೆ? ಅಲ್ಲ. ಅದೇ 1924ರಲ್ಲಿ ಅಮೇರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ವಾಲ್ಟರ್ ಶೂಹಾರ್ಟನು ನಿಯಂತ್ರಣಪಟವನ್ನು ರೂಪಿಸಿದನು. ಅದರಂತೆ ವ್ಯತ್ಯಾಸದ ಕಾರಣಗಳು ಎರಡು ಬಗೆ: ಕಾರ್ಯವಿಧಾನದಲ್ಲಿಯೇ ಸದಾ ಬೆರೆತಿರುವ ಸಾಮಾನ್ಯಕಾರಣ, ಹೊರಗಿನಿಂದ ಆಗಾಗ್ಗೆ ಬಂದೊದಗುವ ವಿಶೇಷಕಾರಣ. ತಾರ್ಕಿಕರ ಸಾಧಾರಣ, ಅಸಾಧಾರಣ ಕಾರಣಗಳು ಇಲ್ಲಿ ನೆನಪಿಗೆ ಬಂದರೂ ಅವುಗಳ ಅರ್ಥವು ಬೇರೆಯೆಂಬುದನ್ನು ಮರೆಯಲಾಗದು. ವಿಶೇಷಕಾರಣವನ್ನು ಹುಡುಕಿ ನಿವಾರಿಸಬಹುದು. ಸಾಮಾನ್ಯಕಾರಣದಿಂದಾದ ವ್ಯತ್ಯಾಸವಾದರೋ ಕೆಲಸಗಾರನನ್ನು ಗದರಿಸಿದರೆ ತಗ್ಗುವುದಿಲ್ಲ, ಕಾರ್ಯವಿಧಾನವನ್ನೇ ಮಾರ್ಪಡಿಸಬೇಕು. ನೂತನಕಲ್ಪನೆಗೆ ಸ್ಥಾನವು ಇಲ್ಲಿಯೇ.

ಶೂಹಾರ್ಟನು 1947-48ರಲ್ಲಿ ಭಾರತಕ್ಕೂ ಬಂದು ಈ ಶಾಸ್ತ್ರದ ಪ್ರಚಾರಕ್ಕೆ ನೆರವಾದನು. ಜಪಾನಿನಲ್ಲಿ 1950ರಲ್ಲಿ ಡೆಮಿಂಗನ ಉಪನ್ಯಾಸಗಳು ನಡೆದುವು; ಮರುವರ್ಷವೇ ಆತನ ಹೆಸರಿನ ಬಹುಮಾನವು ಅಲ್ಲಿ ಆರಂಭವಾಯಿತು.

ಆದುದರಿಂದ ಪೂರ್ವಪಕ್ಷವು ಒಂದಂಶದಲ್ಲಿ ಮಾತ್ರ ನಿಲ್ಲುವುದು. ಕೆಟ್ಟ ಪದಾರ್ಥವನ್ನು ಕಡೆಯಲ್ಲಿ ಆರಿಸಿ ಎಸೆಯುವುದಷ್ಟೇ ಗುಣರಕ್ಷಣೆಯೆನಿಸಿದಲ್ಲಿ ಅದು ವ್ಯಯಕ್ಕೆ ಕಾರಣವೇ ಹೊರತು ಹೊಸತಕ್ಕೆ ಅಲ್ಲ. ದೋಷದ ಮೂಲವನ್ನು ತೋರಿಸಿಕೊಡುವ ನಿಯಮವು ಕಲ್ಪನೆಗೆ ಪ್ರತಿಬಂಧಕವಲ್ಲ, ಪ್ರೇರಕವು.