ಮುಚ್ಚಿದ ಪೆಟ್ಟಿಗೆಯೊಳಗಿನ ತೇವ: ಪಂಪಿನ ಪ್ಯಾನಲ್ ಕಾಪಾಡುವ ಬಗೆ

ಕಾಫಿ ಮತ್ತು ಅಡಿಕೆಯವರ ಪತ್ರಿಕೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಾತೇಕೆ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಅದು ಕಬ್ಬು, ತಂಬಾಕುಗಳ ಸೀಮೆ. ಅಥಣಿಯ ಕಡೆಯಂತೂ ಮಳೆಯ ಕೊರತೆಯೇ ಹೆಚ್ಚು. ಹಾಗಿದ್ದೂ ಅಲ್ಲಿಯ ಪಂಪುಗಳ ಎಲೆಕ್ಟ್ರಾನಿಕ್ ಸ್ಟಾರ್ಟರುಗಳು, ಕಾರ್ಖಾನೆಗಳ ಕಂಟ್ರೋಲ್ ಪ್ಯಾನಲುಗಳು ನಮ್ಮ ಮಲೆನಾಡಿನಲ್ಲಿ ಕೆಡುವಂತೆಯೇ ತೇವದಿಂದ, ಕಿಲುಬಿನಿಂದ ಕೆಡುತ್ತವೆ. ಮಳೆ ಕಡಿಮೆ ಇರುವಲ್ಲಿ ಹೀಗೇಕೆ ಎಂಬುದನ್ನು ತಿಳಿದರೆ ನಮ್ಮ ಪಂಪ್‌ಮನೆಯ ರೋಗವೂ ತಿಳಿಯುತ್ತದೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯುದ್ದಕ್ಕೂ ಅಲ್ಲಿ ಏತ ನೀರಾವರಿಯ ಪಂಪುಗಳಿವೆ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ನೆರೆ ಬಂದಾಗ ಮುಳುಗಿದ ಪೆಟ್ಟಿಗೆಗಳ ಕಥೆ ಎಲ್ಲರಿಗೂ ಅರ್ಥವಾಗುವಂಥದು. ಅರ್ಥವಾಗದೆ ಉಳಿಯುವುದು ನೆರೆಯ ನೀರು ಮುಟ್ಟದ ಪೆಟ್ಟಿಗೆಯ ಕಥೆ. ಮಳೆಗಾಲದಲ್ಲಿ ಕಬ್ಬಿಗೆ ನೀರು ಹಾಯಿಸುವ ಕೆಲಸ ಕಡಿಮೆ. ತಿಂಗಳುಗಟ್ಟಲೆ ಮುಚ್ಚಿದ ಪ್ಯಾನಲ್ ತೆರೆದು ನೋಡಿದರೆ ಒಳಗೆ ಹನಿ ಕಟ್ಟಿರುತ್ತದೆ, ತಾಮ್ರದ ತುದಿಗಳು ಹಸಿರಾಗಿರುತ್ತವೆ. ಸೂರಿನಿಂದ ಒಂದು ಹನಿಯೂ ಸೋರಿರುವುದಿಲ್ಲ.

ನೀರು ಬಂದದ್ದು ಗಾಳಿಯಿಂದ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. 30 ಡಿಗ್ರಿಯ ಗಾಳಿಯಲ್ಲಿ ಶೇಕಡ 80ರಷ್ಟು ತೇವವಿದ್ದರೆ, ತಗಡು ನಾಲ್ಕು ಡಿಗ್ರಿ ತಣ್ಣಗಾದರೂ ಸಾಕು, ಇಬ್ಬನಿ ಕೂರುತ್ತದೆ. ಪೆಟ್ಟಿಗೆ ಬಿಗಿಯಾಗಿದೆಯಲ್ಲ ಎನ್ನಬಹುದು. ಆದರೆ ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಕೇಬಲ್ ಸಂದಿನಿಂದ ಹೊರಹೋಗುತ್ತದೆ. ರಾತ್ರಿ ತಣ್ಣಗಾದಾಗ ಅದೇ ಸಂದಿನಿಂದ ಹೊರಗಿನ ಹಸಿ ಗಾಳಿಯನ್ನು ಪೆಟ್ಟಿಗೆ ಒಳಗೆಳೆದುಕೊಳ್ಳುತ್ತದೆ. ಪಂಪು ದಿನವೂ ಓಡುತ್ತಿದ್ದರೆ ಅದರ ಕಾವಿಗೇ ತೇವ ಆರುತ್ತಿತ್ತು. ದುಡಿಯುವ ಪ್ಯಾನಲಿಗಿಂತ ಸುಮ್ಮನೆ ಕುಳಿತ ಪ್ಯಾನಲ್ ಬೇಗ ಕೆಡುವುದು ಇದರಿಂದಲೇ.

ಆ ಸೀಮೆಯಲ್ಲಿ ಇನ್ನೊಂದು ಕಾರಣವಿದೆ, ಗಂಧಕ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಈಗ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಕಾರ್ಖಾನೆಗಳಿವೆ. ಬಿಳಿ ಸಕ್ಕರೆ ತಯಾರಿಸುವಲ್ಲಿ ಗಂಧಕ ಸುಟ್ಟು ಅದರ ಅನಿಲವನ್ನು ಕಬ್ಬಿನ ರಸಕ್ಕೆ ಹಾಯಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಕಡೆ ಇದೆ. ಕಾಕಂಬಿಯಿಂದ ಮದ್ಯಸಾರ ತೆಗೆದು ಉಳಿದ ನೀರು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ತೇವ ಸೇರಿದರೆ ಕೇಳುವುದೇ ಬೇಡ. ಇಂಥ ಕಡೆ ಕಂಟ್ರೋಲ್ ಕೊಠಡಿಗೆ ಶೋಧಿಸಿದ ಗಾಳಿಯನ್ನು ತುಸು ಒತ್ತಡದಲ್ಲಿ ತುಂಬಿ, ಹೊರಗಿನ ಗಾಳಿ ನುಗ್ಗದಂತೆ ನೋಡಿಕೊಳ್ಳುವುದು ಕ್ರಮ. ಅಮೆರಿಕದ ಐಎಸ್‌ಎ 71.04 ಮಾನಕದಂತೆ, ಕೊಠಡಿಯಲ್ಲಿಟ್ಟ ತಾಮ್ರದ ಪಟ್ಟಿಯ ಮೇಲೆ ತಿಂಗಳಿಗೆ 300 ಆಂಗ್‌ಸ್ಟ್ರಾಮ್‌ಗಿಂತ, ಅಂದರೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಮೂರು ಪಾಲಿಗಿಂತ, ಕಡಿಮೆ ಕಿಲುಬು ಬೆಳೆದರೆ ಮಾತ್ರ ಆ ಗಾಳಿ ಸೌಮ್ಯವಾದದ್ದು.

ಈಗ ನಮ್ಮ ಮನೆಯ ಕಡೆ ನೋಡೋಣ. ಪಲ್ಪಿಂಗ್ ನೀರಿನ ಹೊಂಡದಿಂದ, ಗೋಬರ್ ಗ್ಯಾಸಿನ ಗುಂಡಿಯಿಂದ ಬರುವ ಕೊಳೆತ ಮೊಟ್ಟೆಯ ವಾಸನೆ ಅದೇ ಅನಿಲದ್ದು. ಎಷ್ಟೋ ತೋಟಗಳಲ್ಲಿ ಪಂಪ್‌ಮನೆಯೇ ಗೊಬ್ಬರದ ಉಗ್ರಾಣವೂ ಆಗಿರುತ್ತದೆ. ಶೇಕಡ 75ರ ಆಸುಪಾಸಿನ ತೇವಕ್ಕೇ ಯೂರಿಯಾ ನೀರೊಡೆಯುತ್ತದೆ. ಪೊಟ್ಯಾಷ್, ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತದ ಪುಡಿ ಸರ್ಕ್ಯೂಟ್ ಬೋರ್ಡಿನ ಮೇಲೆ ಕುಳಿತು ತೇವ ಹೀರಿದರೆ, ಕೂದಲೆಳೆಯಷ್ಟು ಅಂತರದ ತಾಮ್ರದ ಗೆರೆಗಳ ನಡುವೆ ವಿದ್ಯುತ್ ಹರಿಯಲು ದಾರಿಯಾಯಿತು. ಹಳೆಯ ದಪ್ಪ ಕಾಂಟ್ಯಾಕ್ಟಿನ ಸ್ಟಾರ್ಟರ್ ಇದನ್ನೆಲ್ಲ ತಡೆದುಕೊಳ್ಳುತ್ತಿತ್ತು. ಇಂದಿನ ಮೊಬೈಲ್ ಸ್ಟಾರ್ಟರ್ ತಡೆದುಕೊಳ್ಳದು. ಗೊಬ್ಬರದ ಚೀಲಗಳನ್ನು ಅಲ್ಲಿಂದ ತೆಗೆಯುವುದಕ್ಕೆ ಕಾಸಿನ ಖರ್ಚಿಲ್ಲ.

ನಷ್ಟ ಬರೀ ಬೋರ್ಡಿನ ಬೆಲೆಯಲ್ಲ. ಜೂನ್‌ನಿಂದ ಮುಚ್ಚಿದ ಪೆಟ್ಟಿಗೆಯನ್ನು ನಾವು ತೆರೆಯುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಬೇಕಾದ ದಿನ. ಆಗ ಬೋರ್ಡು ಸತ್ತಿದ್ದರೆ ಪೇಟೆಯಿಂದ ಹೊಸದು ಬರುವವರೆಗೆ ಮೊಗ್ಗು ಕಾಯುವುದಿಲ್ಲ.

ಮುಖ್ಯ ಪರಿಹಾರ ಕಾವು. 20 ಡಿಗ್ರಿಯ ತೋಯ್ದ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಅದರ ತೇವ ಶೇಕಡ 57ಕ್ಕೆ ಇಳಿಯುತ್ತದೆ. ಹಿಂದೆ ಇದಕ್ಕಾಗಿ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು. ಎಲ್‌ಇಡಿ ಬಲ್ಬಿನಿಂದ ಆ ಕೆಲಸವಾಗದು. ಥರ್ಮೋಸ್ಟಾಟ್ ಇರುವ ಪ್ಯಾನಲ್ ಹೀಟರ್ ಹಾಕಿಸಬೇಕು. ಪಂಪಿನ ತ್ರೀ ಫೇಸ್ ಲೈನಿನಿಂದ ಅದನ್ನು ಎಳೆದರೆ, ಇಬ್ಬನಿ ಕೂರುವ ಹೊತ್ತಿಗೇ ಕರೆಂಟ್ ಇಲ್ಲದೆ ಹೋಗಬಹುದು. ಮನೆಯ ಸಿಂಗಲ್ ಫೇಸ್ ಸಿಗುವಲ್ಲಿ ಅದರಿಂದಲೇ ಕೊಡಿಸುವುದು ಲೇಸು. ಅದೂ ಆಗದಿದ್ದರೆ ಬೋರ್ಡನ್ನೇ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮನೆಯಲ್ಲಿಡಬಹುದು. ಬಣ್ಣ ಬದಲಾದ ಜೆಲ್ ಅನ್ನು ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ.

ಕೇಬಲ್ಲುಗಳು ಪೆಟ್ಟಿಗೆಯ ತಳದಿಂದಲೇ ಒಳಹೋಗಲಿ. ಮೇಲಿನಿಂದ ಇಳಿಸಿದರೆ ನೀರೂ ಅದೇ ದಾರಿ ಹಿಡಿಯುತ್ತದೆ. ಬಳಸದ ತೂತುಗಳನ್ನು ಮುಚ್ಚಿಸಿರಿ, ಕಾವಿಗೆ ಬಂದು ಕೂರುವ ಹಲ್ಲಿಗಳ ಕಾಟವೂ ತಪ್ಪುತ್ತದೆ. ಅತಿ ತಗ್ಗಿನಲ್ಲಿ ಜಾಲರಿ ಹಾಕಿದ ಒಂದು ಸಣ್ಣ ರಂಧ್ರ ಮಾತ್ರ ಇರಲಿ. ಬೋರ್ಡಿಗೆ ಅಕ್ರಿಲಿಕ್ ಲೇಪನ ಹಾಕಿಸುವುದು ಒಳ್ಳೆಯದೇ, ಆದರೆ ರಿಲೇ ಮತ್ತು ಕನೆಕ್ಟರುಗಳ ಮೇಲೆ ಅದು ಬೀಳಬಾರದು. ಕಾಂಟ್ಯಾಕ್ಟಿಗೆ ಗ್ರೀಸ್ ಬಳಿಯುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ. ಧೂಳನ್ನು ಹಿಡಿದಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಅಂಟು ಬೇರೊಂದಿಲ್ಲ.

ಗಾಳಿಯಲ್ಲಿ ಗಂಧಕವಿದೆಯೇ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಹೊಳೆಯುವಂತೆ ಉಜ್ಜಿದ ತಾಮ್ರದ ತಂತಿಯ ತುಂಡನ್ನು ಪಂಪ್‌ಮನೆಯಲ್ಲಿ ಒಂದು ತಿಂಗಳು ತೂಗುಹಾಕಿರಿ. ಕಪ್ಪಾದರೆ ಪೆಟ್ಟಿಗೆಯನ್ನು ಹೊಂಡದಿಂದ ದೂರಕ್ಕೆ ಸಾಗಿಸಬೇಕು.

ನೀರು ನುಗ್ಗಿದ ಪ್ಯಾನಲಿಗೆ ಒಣಗುವ ಮುನ್ನ ಕರೆಂಟ್ ಕೊಟ್ಟು ನೋಡುವುದು ಎಂದಿಗೂ ಕೂಡದು. ಮೇನ್ ತೆಗೆದು, ಕೆಸರನ್ನು ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, 500 ವೋಲ್ಟಿನ ಮೆಗ್ಗರ್ ಹಚ್ಚಿಸಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿದರೆ ಇನ್ನೂ ಒಣಗಬೇಕು ಎಂದರ್ಥ. ಎಲೆಕ್ಟ್ರಾನಿಕ್ ಬೋರ್ಡಿನ ತಂತಿಗಳನ್ನು ಮೊದಲೇ ಬಿಚ್ಚಿರಬೇಕು, ಇಲ್ಲವಾದರೆ ಮೆಗ್ಗರೇ ಅದನ್ನು ಸುಟ್ಟೀತು.

ಸಂಘದ ಮೆಗ್ಗರ್ ಅನ್ನು ವೈರ್‌ಮನ್‌ರೊಂದಿಗೆ ಜನವರಿಯಲ್ಲಿ ಸರದಿಯ ಮೇಲೆ ಸದಸ್ಯರ ತೋಟಗಳಿಗೆ ಕಳುಹಿಸುತ್ತೇವೆ. ಬೇಕಾದವರು ಡಿಸೆಂಬರ್ ಮುಗಿಯುವುದರೊಳಗೆ ಕಚೇರಿಯಲ್ಲಿ ಹೆಸರು ಬರೆಸತಕ್ಕದ್ದು.