ಕೀಲು ಹೊಸತು, ಸ್ನಾಯು ಹಳೆಯದು

ಸವೆದ ಸೊಂಟದ ಕೀಲನ್ನು ತೆಗೆದು ಬೇರೆ ಕೀಲು ಕೂಡಿಸುವ ಶಸ್ತ್ರಚಿಕಿತ್ಸೆ ಈಗ ಅಪರೂಪದ್ದೇನಲ್ಲ. 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿಯವರು ಪಾಲಿಎಥಿಲೀನ್ ಬಟ್ಟಲಿನೊಳಗೆ ಉಕ್ಕಿನ ಗುಂಡು ತಿರುಗುವಂತೆ ಮಾಡಿದ ಮೇಲೆ ಇದು ಲೋಕಕ್ಕೆಲ್ಲ ಹಬ್ಬಿತು. ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮನೆಗಳ ಹಿರಿಯರು ಇದಕ್ಕಾಗಿ ಕೊಲ್ಹಾಪುರಕ್ಕೆ ಹೋಗುತ್ತಾರೆ, ನಮ್ಮವರು ಮಂಗಳೂರಿಗೆ ಹೋಗುವಂತೆ.

ಆದರೆ ಕೀಲು ಬದಲಾದ ಮಾತ್ರಕ್ಕೆ ನಡಿಗೆ ಸರಿಹೋಗುವುದಿಲ್ಲ. ವರ್ಷಗಟ್ಟಲೆ ನೋವಿಗೆ ಹೆದರಿ ಕಾಲೂರದೆ ಇದ್ದವರ ಪೃಷ್ಠ ಮತ್ತು ತೊಡೆಯ ಸ್ನಾಯುಗಳು ಮೊದಲೇ ಸೊರಗಿರುತ್ತವೆ. ಒಂಟಿಕಾಲಿನ ಮೇಲೆ ಭಾರ ಬಿದ್ದಾಗ ಸೊಂಟ ವಾಲದಂತೆ ಹಿಡಿಯುವುದು ಪೃಷ್ಠದ ಪಕ್ಕದ ಸ್ನಾಯು. ಅದು ಸೋತರೆ ಕುಂಟು ಉಳಿಯುತ್ತದೆ. ಆಗ ಮನೆಯವರು ವೈದ್ಯರನ್ನು ದೂರುತ್ತಾರೆ. ಅನೇಕ ವೇಳೆ ನಿಂತುಹೋದ ವ್ಯಾಯಾಮವನ್ನು ಯಾರೂ ದೂರುವುದಿಲ್ಲ!

ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಬಿಡುವುದು, ಆಮೇಲೆ ನಿಂತು ಕಾಲನ್ನು ಪಕ್ಕಕ್ಕೆ ಚಾಚುವುದು—ನೋಡುವುದಕ್ಕೆ ಮಕ್ಕಳಾಟ. ಆದರೂ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಪೂರ್ತಿ ಬಲ ಬರಲು ವರ್ಷವೇ ಹಿಡಿಯಬಹುದು. ಊರುಗೋಲು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು.

ನಿಜವಾದ ಕಷ್ಟವಿರುವುದು ನಮ್ಮ ಮನೆಗಳಲ್ಲಿ. ಗಡಹಿಂಗ್ಲಜದ ಕಡೆ ನೆಲದಲ್ಲಿ ಕುಳಿತು ರೊಟ್ಟಿ ಬಡಿಯುತ್ತಾರೆ, ಇಲ್ಲಿ ನಮ್ಮ ತಾಯಂದಿರು ಮೆಟ್ಟುಕತ್ತಿಯ ಮುಂದೆ ಕುಳಿತುಕೊಳ್ಳುತ್ತಾರೆ. ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ಇವುಗಳಿಂದ ಹೊಸ ಕೀಲು ಜಾರುವ ಭಯವಿದೆ. ಎಷ್ಟು ಕಾಲ ಬಿಡಬೇಕೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಬೇಕು. ಎತ್ತರದ ಕುರ್ಚಿ, ಕಕ್ಕಸಿಗೆ ಎತ್ತರದ ಆಸನ, ಇವುಗಳ ಏರ್ಪಾಡು ಆಸ್ಪತ್ರೆಗೆ ಹೋಗುವ ಮೊದಲೇ ಆಗಿರಲಿ. ಇಚಲಕರಂಜಿಯ ವಿದ್ಯುತ್ ಮಗ್ಗದ ಕೆಲಸಗಾರನ ಚಿಂತೆ ಬೇರೆ. ಪಾಳಿಯುದ್ದಕ್ಕೂ ನಿಂತೇ ದುಡಿಯಬೇಕು, ನೆಯ್ದಷ್ಟಕ್ಕೆ ಕೂಲಿ. ಅವನಿಗೆ ವಿಶ್ರಾಂತಿ ಹೇಳುವುದು ಸುಲಭ, ಕೊಡುವುದು ಕಷ್ಟ.

ಇನ್ನೊಂದು ಮಾತು. ಅಲ್ಲಿ ಸಲಹೆ ಸಿಗುವುದು ಮರಾಠಿಯಲ್ಲಿ, ಇಲ್ಲಿ ಮಲಯಾಳದಲ್ಲಿ, ಚೀಟಿ ಇಂಗ್ಲಿಷಿನಲ್ಲಿ. ಮನೆಮಾತು ಮಾತ್ರ ಬಲ್ಲ ಅಜ್ಜಿ ತಲೆಯಾಡಿಸಿ ಬರುತ್ತಾರೆ; ಯಾವ ಕಾಲು ಮೊದಲು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಜೊತೆಗೆ ಹೋದ ಮಗಳೋ ಮೊಮ್ಮಗನೋ ಪ್ರತಿಯೊಂದು ವ್ಯಾಯಾಮವನ್ನೂ ಅಲ್ಲೇ ಮಾಡಿಸಿ ನೋಡಿ, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಲಿ. ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು ಇವು ಕಂಡರೆ ಕೂಡಲೇ ವೈದ್ಯರಲ್ಲಿಗೆ, ಹಠಾತ್ತನೆ ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಎಂಬುದನ್ನೂ ಅದೇ ಹಾಳೆಯ ಕೆಳಗೆ ಬರೆದಿಡಬೇಕು.