ಕೈಯುಳ್ಳ ಮೀನು

ಆನೆಗೆ ಸಂಸ್ಕೃತದಲ್ಲಿ ಹಸ್ತೀ ಎಂಬ ಹೆಸರುಂಟು. ಕೈಯುಳ್ಳದ್ದು ಎಂದು ಅದರ ಅರ್ಥ. ಸೊಂಡಿಲನ್ನೇ ಕೈಯೆಂದು ಭಾವಿಸಿ ಪೂರ್ವಿಕರು ಹಾಗೆ ಕರೆದರು. ಆದರೆ ಕೈಯುಳ್ಳ ಮೀನೊಂದು ಇದೆಯೆಂದರೆ ವಾಚಕರು ನಂಬುವರೇ?

ಆಸ್ಟ್ರೇಲಿಯಾ ಖಂಡದ ದಕ್ಷಿಣಕ್ಕೆ ಟಾಸ್ಮೇನಿಯಾ ಎಂಬ ದ್ವೀಪವಿದೆ. ಅದರ ರಾಜಧಾನಿಯಾದ ಹೋಬಾರ್ಟಿನ ಬಳಿ ಡರ್ವೆಂಟ್ ನದಿಯು ಕಡಲನ್ನು ಸೇರುವೆಡೆಯಲ್ಲಿಯೂ ಸುತ್ತಣ ಕೊಲ್ಲಿಗಳಲ್ಲಿಯೂ ಈ ಮೀನು ವಾಸಿಸುವುದು. ಇಂಗ್ಲಿಷಿನಲ್ಲಿ ಇದು ಹ್ಯಾಂಡ್‌ಫಿಷ್; ನಾವು ಹಸ್ತಮತ್ಸ್ಯವೆನ್ನಬಹುದು. ಈ ಕುಲದಲ್ಲಿ 14 ಜಾತಿಗಳುಂಟು. ಅವುಗಳಲ್ಲಿ ಮೈಮೇಲೆ ಚುಕ್ಕೆಗಳುಳ್ಳ ಜಾತಿಯನ್ನು 1804ರಲ್ಲಿ ಲಾಸೆಪೇಡ್ ಎಂಬ ಫ್ರೆಂಚ್ ಪಂಡಿತನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಅದರ ಕಥೆಯೇ ಇಲ್ಲಿಯ ವಿಷಯ.

ಇದರ ಉದ್ದವು ಸುಮಾರು 12 ಸೆಂಟಿಮೀಟರ್, ಎಂದರೆ ಅರ್ಧ ಗೇಣು. ತಲೆಯ ಕಡೆ ದಪ್ಪ, ಬಾಲದ ಕಡೆ ಸಪುರ. ಬಿಳುಪಾದ ಮೈಮೇಲೆ ಕಂದು, ಕಿತ್ತಳೆ ಬಣ್ಣದ ಚುಕ್ಕೆಗಳು. ನಮ್ಮ ಬೆರಳಿನ ಗೆರೆಗಳಂತೆ ಒಂದರ ಚುಕ್ಕೆಗಳು ಇನ್ನೊಂದಕ್ಕಿರವು. ಆದುದರಿಂದ ವಿಜ್ಞಾನಿಗಳು ಒಂದೊಂದು ಮೀನನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲರು. ಬಾಯಿಯ ಮೇಲ್ಗಡೆ ಒಂದು ಸಣ್ಣ ಕಡ್ಡಿಯೂ ಅದರ ತುದಿಯಲ್ಲಿ ಮಾಂಸದ ಕುಚ್ಚೂ ಇವೆ. ಗಾಳದಂತಹ ಅಂಗವುಳ್ಳ ಮೀನುಗಳ ವಂಶಕ್ಕೆ ಇದು ಸೇರಿದುದೆಂಬುದಕ್ಕೆ ಅದೇ ಕುರುಹು.

ಎದೆಯ ಪಕ್ಕದ ರೆಕ್ಕೆಗಳು ತೋಳಿನಂತೆ ಬಾಗಿ, ತುದಿಯಲ್ಲಿ ಬೆರಳುಗಳಂತೆ ಹರಡಿಕೊಂಡಿವೆ. ಈ ಕೈಗಳನ್ನೂ ಹೊಟ್ಟೆಯ ಕೆಳಗಣ ರೆಕ್ಕೆಗಳನ್ನೂ ಊರಿ ಮೀನು ಮರಳಿನ ಮೇಲೆ ಮೆಲ್ಲಮೆಲ್ಲನೆ ನಡೆಯುವುದು. ಬೇರೆ ಅನೇಕ ಮೀನುಗಳನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲವು ಇದಕ್ಕಿಲ್ಲ. ಈಜಬಲ್ಲದಾದರೂ ನಡೆಯುವುದೇ ಇದಕ್ಕೆ ಇಷ್ಟ. ಹೆಚ್ಚು ಆಳವಿಲ್ಲದ ನೀರಿನಲ್ಲಿ, ಮರಳೂ ಕೆಸರೂ ಚಿಪ್ಪಿನ ಚೂರುಗಳೂ ಇರುವ ತಳವೇ ಇದರ ಮನೆ. ಚಿಕ್ಕ ಸಿಗಡಿಗಳೂ ಆ ವರ್ಗದ ಇತರ ಕಿರುಜೀವಿಗಳೂ ಹುಳುಗಳೂ ಇದರ ಆಹಾರ.

ಇದರ ಸಂಸಾರವು ಇನ್ನೂ ಆಶ್ಚರ್ಯಕರವಾದುದು. ಸಾಮಾನ್ಯವಾಗಿ ಕಡಲಮೀನುಗಳು ಅಸಂಖ್ಯಾತ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೊರಟುಹೋಗುವುವು. ಈ ತಾಯಿಯು ಇಡುವುದಾದರೋ 80ರಿಂದ 250 ಮೊಟ್ಟೆಗಳು ಮಾತ್ರ. ತಳದಲ್ಲಿ ಆಸಿಡಿಯನ್ ಎಂಬ ಜೀವಿಯೊಂದು ತೊಟ್ಟಿನ ಮೇಲೆ ನಿಂತಿರುವುದು. ನೋಟಕ್ಕೆ ಗಿಡದಂತಿದ್ದರೂ ಅದು ಪ್ರಾಣಿಯೇ. ಆ ತೊಟ್ಟಿಗೆ ಮೊಟ್ಟೆಗಳನ್ನು ಅಂಟಿಸಿ, ಮರಿಯಾಗುವವರೆಗೆ ಏಳೆಂಟು ವಾರ ತಾಯಿಯು ಕಾವಲಿರುವುದು. ಮರಿಗಳು ಹುಟ್ಟುವಾಗಲೇ ತಾಯಿಯ ರೂಪವನ್ನು ತಾಳಿ, ಪ್ರವಾಹದಲ್ಲಿ ತೇಲಿಹೋಗದೆ ಅಲ್ಲಿಯೇ ತಳಕ್ಕಿಳಿದು ನಡೆಯತೊಡಗುವುವು. ಆದುದರಿಂದ ಒಂದೆಡೆ ಈ ಮೀನು ಅಳಿದರೆ ದೂರದಿಂದ ಬಂದು ಆ ಸ್ಥಳವನ್ನು ತುಂಬುವ ಮರಿಗಳಿಲ್ಲ.

ಅಳಿವು ಬಂದುದು ಹಡಗುಗಳ ಮೂಲಕ. ಸರಕಿಲ್ಲದ ಹಡಗು ಓಲಾಡದಂತೆ ಅದರ ಒಡಲಿಗೆ ಕಡಲ ನೀರನ್ನು ತುಂಬಿ, ಇನ್ನೊಂದು ರೇವಿನಲ್ಲಿ ಚೆಲ್ಲುವುದು ವಾಡಿಕೆ. ಜಪಾನಿನ ಕಡೆಯ ಒಂದು ನಕ್ಷತ್ರಮೀನು ಹೀಗೆ 1980ರ ದಶಕದ ಹೊತ್ತಿಗೆ ಡರ್ವೆಂಟಿಗೆ ಬಂದಿತೆಂದು ತಜ್ಞರ ಅಭಿಪ್ರಾಯ. ಹೆಸರಿಗೆ ಮೀನಾದರೂ ಅದು ಮೀನಲ್ಲ. ಅದು ಆಸಿಡಿಯನ್ನುಗಳನ್ನು ತಿಂದುಹಾಕಿತು. ತಾಯಿಯಿದ್ದರೂ ತೊಟ್ಟಿಲಿಲ್ಲದಂತಾಯಿತು! ಹಿಂದೆ ಧಾರಾಳವಾಗಿ ಕಾಣುತ್ತಿದ್ದ ಮೀನು ಅತಿ ವಿರಳವಾಗಿ, 1996ರಲ್ಲಿ ತೀವ್ರ ವಿನಾಶದ ಅಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು.

ಆಗ ಅಲ್ಲಿಯ ವಿಜ್ಞಾನಿಗಳು ಒಂದು ಸರಳವಾದ ಉಪಾಯವನ್ನು ಕಂಡುಹಿಡಿದರು. ತೊಟ್ಟಿನಂತಹ ಕಡ್ಡಿಗಳನ್ನು ಪಿಂಗಾಣಿಯಿಂದ ಮಾಡಿಸಿ, ನೀರಿನಲ್ಲಿ ಮುಳುಗಿ, ಕಡಲ ತಳದಲ್ಲಿ ಸಾಲಾಗಿ ನೆಟ್ಟರು. ತಾಯಿಮೀನು ಬಂದು ಅವುಗಳಿಗೂ ಮೊಟ್ಟೆಗಳನ್ನು ಅಂಟಿಸಿ ಎಂದಿನಂತೆ ಕಾವಲು ನಿಂತಿತು. ಇದರಿಂದ ಅಪಾಯವೆಲ್ಲವೂ ಕಳೆಯಿತೆನ್ನಲಾಗದು. ನಕ್ಷತ್ರಮೀನು ಇನ್ನೂ ಅಲ್ಲಿಯೇ ಇದೆ.

ಹಡಗಿನ ನೀರನ್ನು ಚೆಲ್ಲಿದವರು ಈ ಮೀನನ್ನು ಕಂಡವರಲ್ಲ, ಅದಕ್ಕೆ ಕೇಡೆಣಿಸಿದವರೂ ಅಲ್ಲ. ಕೇಡಾಗಲು ದ್ವೇಷವೇ ಬೇಕೆಂದಿಲ್ಲ, ಅರಿಯದಿರುವುದೇ ಸಾಕು. ಉಳಿಸುವುದಕ್ಕಾದರೋ ಒಬ್ಬರು ಮುಳುಗಿ ನೋಡಿ, ಆ ತಾಯಿಗೆ ಬೇಕಾದುದೇನೆಂದು ತಿಳಿಯಬೇಕಾಯಿತು.